ಬೆಳ್ಳುಳ್ಳಿ ವಾಸನೆಯ ವಿಷ

ಕೋವಿಡ್ ಬಂದು ಹೋದ ಮೇಲೆ ನನ್ನ ಮೂಗಿಗೆ ಯಾವ ವಾಸನೆಯೂ ತಿಳಿಯದಾಯಿತು. ಆಗ ನಾನು ಐರ್ಲೆಂಡಿನ ಡನ್‌ಡಾಕ್‌ನ ನಮ್ಮ ಬಾಡಿಗೆ ಮನೆಯ ಅಡುಗೆಕೋಣೆಯಿಂದಲೇ ಕಾಲೇಜಿನ ವಿದ್ಯಾರ್ಥಿಗಳಿಗೆ ಆನ್‌ಲೈನ್ ಪಾಠ ಮಾಡುತ್ತಿದ್ದೆ. ಒಂದು ದಿನದ ಪಾಠ ವಿಷ ಪತ್ತೆಹಚ್ಚುವ ವಿದ್ಯೆಯ ಮೊದಲ ದಿನಗಳದ್ದು. ಒಳ್ಳೆಯ ಪರೀಕ್ಷೆಗಳು ಬರುವ ಮುಂಚೆ, ಅನುಮಾನದ ಪುಡಿಯನ್ನು ಕೆಂಡದ ಮೇಲೆ ಉದುರಿಸಿ ಮೂಸುತ್ತಿದ್ದರು. ಬೆಳ್ಳುಳ್ಳಿ ವಾಸನೆ ಬಂದರೆ ಅದು ಆರ್ಸೆನಿಕ್ ಎಂದು ತೀರ್ಮಾನ.

ಪಕ್ಕದಲ್ಲಿ ಚಿತ್ರ ಬರೆಯುತ್ತಿದ್ದ ಮಗಳು ಕ್ಲಾಸ್ ಮುಗಿಯುತ್ತಲೇ ಕೇಳಿದಳು, "ಅಮ್ಮಾ, ಸ್ಮೆಲ್ ಮಾಡಿದವ್ರು ಸಿಕ್ ಆಗ್ಲಿಲ್ವಾ?"

"ಆಗ್ತಿದ್ರು ಪುಟ್ಟಾ. ಆ ಹೊಗೆನೂ ವಿಷಾನೇ. ಆದ್ರೂ ಯಾರಾದ್ರೂ ಮೂಸ್ಲೇಬೇಕಿತ್ತಲ್ಲ."

ಮರುದಿನದಿಂದ ಹಾಲು, ಫ್ರಿಜ್ಜಿನಲ್ಲಿಟ್ಟ ಸಾರು, ಎಲ್ಲವನ್ನೂ ಅವಳೇ ಮೊದಲು ಮೂಸತೊಡಗಿದಳು. ಅವಳು ಅಲ್ಲಿನವರ ಹಾಗೆ "ಇಟ್ಸ್ ಗ್ರ್ಯಾಂಡ್", ಅಂದರೆ ಏನೂ ತೊಂದರೆಯಿಲ್ಲ, ಎಂದ ಮೇಲೆಯೇ ನಾನು ಮುಟ್ಟಬೇಕು.

ಒಂದು ಮಧ್ಯಾಹ್ನ ಹುಳಿ ಮಾಡಿದ್ದೆ. ಅವಳು ತಟ್ಟೆಗೆ ಬಗ್ಗಿ ಮೂಸಿದಳು, ಸ್ವಲ್ಪ ತಡೆದು "ಗ್ರ್ಯಾಂಡ್" ಎಂದಳು. ಇನ್ನೊಂದು ಸೌಟು ಹಾಕಿಸಿಕೊಂಡು ಪೂರ್ತಿ ಉಂಡಳು. ಆಮೇಲೆ ಪಾತ್ರೆ ತೊಳೆಯಲು ಹೋದರೆ ಬೇಳೆ ತಳ ಹಿಡಿದು ಕರ್ರಗೆ ಸೀದಿತ್ತು.

"ಸೀದಿದ್ದು ನಿಂಗೆ ಗೊತ್ತಾಗ್ಲಿಲ್ವಾ?"

"ಗೊತ್ತಾಯ್ತು," ಎಂದಳು ಮೆಲ್ಲಗೆ. "ಆದ್ರೆ ಪಾಯ್ಸನ್ ಅಲ್ವಲ್ಲ ಅಮ್ಮಾ. ನೀನು ಸ್ಯಾಡ್ ಆಗ್ತೀಯ ಅಂತ."

ಒದ್ದೆ ಕೈಯಲ್ಲೇ ಅವಳನ್ನು ಎಳೆದುಕೊಂಡು ತಲೆಗೂದಲಲ್ಲಿ ಮೂಗಿಟ್ಟೆ. ಯಾವ ವಾಸನೆಯೂ ತಿಳಿಯಲಿಲ್ಲ. ಆದರೂ ಬಹಳ ಹೊತ್ತು ಹಾಗೇ ನಿಂತಿದ್ದೆ.