ಕ್ರೇನಿನ ತುದಿಯ ಧ್ರುವ

ಸದಾಶಿವ ಯಾವ ಊರಲ್ಲೂ ಹದಿನೆಂಟು ತಿಂಗಳಿಗಿಂತ ಹೆಚ್ಚು ನಿಂತವನಲ್ಲ. ಪುಣೆ, ಗುರಗಾಂವ್, ಢಾಕಾ, ಕಂಪಾಲಾ, ಈಗ ನೈರೋಬಿ. ಟೆಲಿಕಾಂ ಕಂಪನಿಯ ಎಂಜಿನಿಯರ್ ಅಂದರೆ ಟವರ್ ಇರುವ ಕಡೆಯಿಂದ ಟವರ್ ಇಲ್ಲದ ಕಡೆಗೆ ಓಡುವವನು ಅಂತ ಕೇಳಿದವರಿಗೆಲ್ಲ ಹೇಳುತ್ತಿದ್ದ. ಅದು ಅರ್ಧ ಸತ್ಯ. ಉಳಿದರ್ಧ ಏನೆಂದರೆ, ಹದಿನೈದನೇ ತಿಂಗಳು ಬರುವಷ್ಟರಲ್ಲಿ ಊರಿನ ಕಾಫಿ, ಆಫೀಸಿನ ಲಿಫ್ಟು, ಬಾಸಿನ ನಗು ಎಲ್ಲ ಹಳಸಿದ ಹಾಗಾಗಿ, ಅವನೇ ಎಚ್‌ಆರ್‌ಗೆ ಒಂದು ವಿನಯದ ಮೇಲ್ ಬರೆಯುತ್ತಿದ್ದ. ಎರಡು ಸಾವಿರದ ಹದಿನೈದರ ಫೆಬ್ರವರಿಯಲ್ಲಿ ಅಂಥ ಒಂದು ಮೇಲಿಗೆ ಉತ್ತರ ಬಂತು. ಲಾಗೋಸ್. ಒಪ್ಪಿಗೆಯೋ ಅಲ್ಲವೋ, ತಿಂಗಳ ನಾಲ್ಕನೇ ಸೋಮವಾರದೊಳಗೆ ತಿಳಿಸಬೇಕು.

ಹೆಂಡತಿ ಅಪೂರ್ವಾಗೆ ಅದನ್ನು ಹೇಳಿದ್ದು ಊಟದ ಮಧ್ಯೆ, ಉಪ್ಪಿನಕಾಯಿ ಕೇಳುವ ದನಿಯಲ್ಲಿ. ಅವಳು ನೈರೋಬಿಯ ಶಾಲೆಯೊಂದರಲ್ಲಿ ಗಣಿತ ಹೇಳಿಕೊಡುತ್ತಿದ್ದಳು. ಮದುವೆಯಾದ ನಾಲ್ಕು ವರ್ಷದಲ್ಲಿ ಮೂರು ಕೆಲಸ ಬಿಟ್ಟು ಅವನ ಹಿಂದೆ ಬಂದಿದ್ದಳು. ಇದು ನಾಲ್ಕನೆಯದು, ಮತ್ತು ಅವಳಿಗೆ ಇಷ್ಟವಾದ ಮೊದಲನೆಯದು.

"ನೀನು ಹೋಗು, ನಾನು ಬರಲ್ಲ," ಅಂದಳು. "ಜಗಳ ಅಂದ್ಕೋಬೇಡ, ಇದು ಬರೀ ಇನ್ಫರ್ಮೇಶನ್."

ಅವನು ಏನೋ ಹೇಳಹೋದ. ಅವಳು ತಟ್ಟೆ ಎತ್ತಿಕೊಂಡು ನಿಂತಳು. "ಇರ್ತೀಯಾ ಹೋಗ್ತೀಯಾ ಅಂತ ಕೇಳ್ತಿಲ್ಲ ಸದಾ. ನಿಂಗೆ ಇರೋಕೆ ಬರುತ್ತಾ ಅಂತ ಕೇಳ್ತಿದೀನಿ."

ಬರುತ್ತೆ ಅನ್ನಲು ಅವನ ಬಳಿ ಸಾಕ್ಷಿ ಇರಲಿಲ್ಲ. ವಿರುದ್ಧ ಸಾಕ್ಷಿ ಬೀರುವಿನ ಮೇಲೆ ಸಾಲಾಗಿ ಕೂತಿತ್ತು. ಮೂರು ರಾಗಕ್ಕೆ ನಿಂತ ಕೀಬೋರ್ಡು, ಒಂದೇ ಸಲ ಓಡಿದ ಬೂಟು, ನಮಸ್ಕಾರ ಮತ್ತು ಬಸ್ ಚಾರ್ಜಿನವರೆಗೆ ಮಾತ್ರ ಮುಟ್ಟಿದ ಸ್ವಾಹಿಲಿ ಪುಸ್ತಕ. ಆ ಸಾಲಿಗೆ ಹೊಸದಾಗಿ ಸೇರಲಿದ್ದದ್ದು ಟೆಲಿಸ್ಕೋಪು. ಸ್ಪ್ರಿಂಗ್ ವ್ಯಾಲಿಯಿಂದ ಮನೆ ಖಾಲಿ ಮಾಡುತ್ತಿದ್ದ ಫ್ರೆಂಚ್ ದಂಪತಿಯಿಂದ ಡಿಸೆಂಬರಿನಲ್ಲಿ ಕೊಂಡದ್ದು. ಚಂದ್ರನನ್ನು ನೋಡಿ ಸುಮ್ಮನಾಗಿದ್ದರೆ ಚೆನ್ನಾಗಿತ್ತು. ಆದರೆ ಇಂಟರ್‌ನೆಟ್ಟಿನಲ್ಲಿ ಮಹಾವ್ಯಾಧ ನಕ್ಷತ್ರಪುಂಜದ ನೀಹಾರಿಕೆಯ ಚಿತ್ರ ಕಣ್ಣಿಗೆ ಬಿತ್ತು. ಕಪ್ಪು ಆಕಾಶದಲ್ಲಿ ಗುಲಾಬಿ ಬಣ್ಣದ ಹೊಗೆ ರೆಕ್ಕೆ ಬಿಚ್ಚಿದ ಹಾಗೆ. ಇಂಥದ್ದನ್ನು ಸಾಮಾನ್ಯ ಜನ ತಾರಸಿಯ ಮೇಲಿಂದಲೇ ತೆಗೆಯುತ್ತಾರೆ ಅಂತ ಬರೆದಿತ್ತು. ಸದಾಶಿವ ತನ್ನನ್ನು ಸಾಮಾನ್ಯ ಜನರಿಗಿಂತ ಒಂದು ಮೆಟ್ಟಿಲು ಮೇಲೆ ಇಟ್ಟುಕೊಂಡಿದ್ದ.

ಸೋಮವಾರದೊಳಗೆ ಆ ಒಂದು ಚಿತ್ರವಾದರೂ ತೆಗೆದು ಮುಗಿಸುತ್ತೇನೆ ಅಂತ ಅವಳಿಗೆ ಹೇಳಿದ. ಅವಳು ಹೂಂ ಅಂದಳು. ಆ ಹೂಂನಲ್ಲಿ ಬೀರುವಿನ ಮೇಲೆ ಇನ್ನೆಷ್ಟು ಜಾಗವಿದೆ ಎಂಬ ಲೆಕ್ಕ ಕೇಳಿಸಿತು.

ಕೆಲಸದ ಮರ್ಮ ಇಷ್ಟೇ. ಮಸುಕು ವಸ್ತುವಿನ ಬೆಳಕು ಹಿಡಿಯಲು ಕ್ಯಾಮೆರಾವನ್ನು ಬಹಳ ಹೊತ್ತು ತೆರೆದಿಡಬೇಕು. ಅಷ್ಟರಲ್ಲಿ ಭೂಮಿ ತಿರುಗಿ ನಕ್ಷತ್ರಗಳೆಲ್ಲ ಗೀಟಾಗುತ್ತವೆ. ಹಾಗಾಗಿ ಟೆಲಿಸ್ಕೋಪನ್ನು ಹೊತ್ತ ಸ್ಟ್ಯಾಂಡಿನ ಅಚ್ಚನ್ನು ಭೂಮಿಯ ಅಚ್ಚಿಗೆ ಸಮಾನಾಂತರವಾಗಿ ಇಟ್ಟು, ಮೋಟರಿನಿಂದ ಅಷ್ಟೇ ನಿಧಾನವಾಗಿ ಹಿಂದಕ್ಕೆ ತಿರುಗಿಸಬೇಕು. ಅಚ್ಚನ್ನು ಧ್ರುವ ನಕ್ಷತ್ರಕ್ಕೆ ಗುರಿಯಿಟ್ಟರೆ ಮುಗಿಯಿತು ಅಂತ ಅವನು ನೋಡಿದ ಹನ್ನೊಂದು ವಿಡಿಯೋಗಳೂ ಹೇಳಿದ್ದವು. ಹನ್ನೊಂದೂ ಉತ್ತರದ ದೇಶಗಳವರು ಮಾಡಿದ್ದು. ಅದನ್ನು ಅವನು ಗಮನಿಸಲಿಲ್ಲ.

ರಿವರ್‌ಸೈಡಿನ ಅವರ ಅಪಾರ್ಟ್‌ಮೆಂಟಿನ ತಾರಸಿಗೆ ಹತ್ತಿ, ಫೋನಿನ ದಿಕ್ಸೂಚಿ ಹಿಡಿದು, ಉತ್ತರಕ್ಕೆ ನೋಡಿದ. ಬೆಂಗಳೂರಿನಲ್ಲಿ ಧ್ರುವ ಹದಿಮೂರು ಡಿಗ್ರಿ ಎತ್ತರದಲ್ಲಿರುತ್ತದೆ ಅಂತ ಎಲ್ಲೋ ಓದಿದ್ದ. ನೋಡಿದರೆ ಸರಿಯಾಗಿ ಅಷ್ಟೇ ಎತ್ತರದಲ್ಲಿ, ವೆಸ್ಟ್‌ಲ್ಯಾಂಡ್ಸ್ ಕಡೆಯ ಮಂಜಿನಲ್ಲಿ, ಒಂದು ಬಿಳಿ ಚುಕ್ಕೆ. ಎಂಜಿನಿಯರ್ ಆದ್ದರಿಂದ ಹಾಗೇ ನಂಬಲಿಲ್ಲ. ಒಂದು ಗಂಟೆ ಬಿಟ್ಟು ಮತ್ತೆ ನೋಡಿದ. ಬೇರೆಲ್ಲ ನಕ್ಷತ್ರ ಸರಿದಿದ್ದವು, ಅದು ಮಾತ್ರ ಇದ್ದಲ್ಲೇ ಇತ್ತು. ಆಕಾಶದಲ್ಲಿ ಕದಲದೆ ನಿಲ್ಲುವುದು ಒಂದೇ ಅಲ್ಲವೇ? ಅವನಿಗೆ ತನ್ನ ವೈಜ್ಞಾನಿಕ ಮನೋಭಾವದ ಬಗ್ಗೆ ಹೆಮ್ಮೆಯಾಯಿತು.

ನಾಲ್ಕು ಸಂಜೆ ಆ ಚುಕ್ಕೆಗೇ ಗುರಿಯಿಟ್ಟ. ನಾಲ್ಕು ಸಂಜೆಯೂ ನಕ್ಷತ್ರಗಳು ಜೀರಿಗೆಯ ಹಾಗೆ ಉದ್ದಕ್ಕೆ ಬಂದವು. ಮೋಟರು ಸರಿಯಿಲ್ಲ ಅಂದ, ಕ್ಯಾಮೆರಾ ಸರಿಯಿಲ್ಲ ಅಂದ, ಫ್ರೆಂಚರೇ ಸರಿಯಿಲ್ಲ ಅಂದ. ಪ್ರತಿ ಹತ್ತು ನಿಮಿಷಕ್ಕೊಮ್ಮೆ ಒಂದಲ್ಲ ಒಂದು ತಿರುಪು ತಿರುಗಿಸಿದ. ಆಫೀಸಿನಲ್ಲಿ ಕೂತು ಲಾಗೋಸಿನ ಬಾಡಿಗೆ ಮನೆಗಳ ಪಟ್ಟಿ ನೋಡಿದ. ಐದನೇ ಸಂಜೆ ಗಾಳಿ ಜೋರಾಯಿತು. ಸದಾಶಿವ ಕಣ್ಣು ಕೀಲಿಸಿ ನೋಡುತ್ತಿದ್ದ ಹಾಗೆಯೇ ಧ್ರುವ ನಕ್ಷತ್ರ ಮೆಲ್ಲಗೆ ಪೂರ್ವಕ್ಕೆ ತಿರುಗಿ, ಸ್ವಲ್ಪ ತೂಗಾಡಿ, ಮರಳಿ ಬಂತು. ಕಟ್ಟುತ್ತಿದ್ದ ಗೋಪುರವೊಂದರ ಕ್ರೇನಿನ ತುದಿಗೆ ಹಾಕಿದ್ದ ದೀಪ ಅದು.

ಇದನ್ನು ಅಪೂರ್ವಾಳಿಂದ ಬಚ್ಚಿಡಬಹುದಿತ್ತು. ಆದರೆ ಅವಳು ಆಗ ತಾನೇ ಬಟ್ಟೆ ತೆಗೆಯಲು ತಾರಸಿಗೆ ಬಂದಿದ್ದಳು. ಒಣಗಿದ ಪಂಚೆಯಲ್ಲಿ ಮುಖ ಮುಚ್ಚಿಕೊಂಡು ನಕ್ಕಳು. ನಗು ಮುಗಿದ ಮೇಲೆ ಪುರುಷೋತ್ತಮ ಮೇಷ್ಟ್ರಿಗೆ ಫೋನ್ ಮಾಡಿದಳು.

ಮೇಷ್ಟ್ರು ಅವಳ ಶಾಲೆಯಲ್ಲೇ ಭೂಗೋಳ ಕಲಿಸಿ ನಿವೃತ್ತರಾದವರು. ಮಂಗಳೂರಿನ ಕಡೆಯವರು, ನಲವತ್ತು ವರ್ಷದಿಂದ ನ್ಗಾರಾ ಬಡಾವಣೆಯ ಒಂದೇ ಮನೆಯಲ್ಲಿ ಇರುವವರು. ಮರುದಿನ ಸಂಜೆ ಮಟಾಟು ವ್ಯಾನಿನಲ್ಲಿ ಬಂದಿಳಿದು, ಮೆಟ್ಟಿಲು ಹತ್ತಿ, ಸ್ಟ್ಯಾಂಡನ್ನು ಒಂದು ಸುತ್ತು ಬಂದು ನೋಡಿದರು. ನಗಲಿಲ್ಲ. ಅದೇ ಸದಾಶಿವನಿಗೆ ಕಷ್ಟವಾಯಿತು.

"ಇಲ್ಲಿ ಧ್ರುವ ಇಲ್ಲ ಮಾರಾಯ. ನಾವು ಭೂಮಧ್ಯರೇಖೆ ದಾಟಿ ಆಚೆಗಾಯ್ತಲ್ಲ, ಅವ ನೆಲದ ಅಡಿಗೆ ಹೋದ."

ಆಮೇಲೆ ತಮ್ಮ ಮದುವೆಯ ಕತೆ ಹೇಳಿದರು. ಮದುವೆ ಆದದ್ದು ನ್ಗಾರಾದಲ್ಲೇ. ಭಟ್ಟರು ಶಾಸ್ತ್ರದ ಪ್ರಕಾರ ಉತ್ತರಕ್ಕೆ ಬೆರಳು ತೋರಿಸಿ ಧ್ರುವ ಕಂಡಿತೇ ಅಂತ ಕೇಳಿದರಂತೆ. ಬೆರಳಿನ ಎದುರಿಗಿದ್ದದ್ದು ಸಕ್ಕರೆ ಗೋದಾಮಿನ ಗೋಡೆ. ತಾವೂ ಮದುಮಗಳು ಕಮಲಾಕ್ಷಿಯೂ ಕೈಮುಗಿದು ಕಂಡಿತು ಅಂದರಂತೆ. ಭೂಗೋಳದ ಮೇಷ್ಟ್ರಾಗಿ ತಮಗೆ ನಿಜ ಗೊತ್ತಿದ್ದರೂ, ಊಟಕ್ಕೆ ತಡವಾಗುತ್ತದೆ ಅಂತ ಸುಮ್ಮನಿದ್ದರಂತೆ. ಈಗಲೂ ಈ ಊರಿನ ಮದುವೆಗಳಲ್ಲಿ ಹುಡುಗ ಹುಡುಗಿ ಗೋಡೆಯನ್ನೋ ನೀರಿನ ಟ್ಯಾಂಕನ್ನೋ ನೋಡಿ ತಲೆಯಾಡಿಸುತ್ತಾರೆ. ಸದಾಶಿವನಿಗೆ ತನ್ನ ಮದುವೆ ನೆನಪಾಯಿತು. ಬಸವನಗುಡಿಯ ಛತ್ರದಲ್ಲಿ, ಹಗಲು ಹನ್ನೊಂದು ಗಂಟೆಗೆ, ಟ್ಯೂಬ್‌ಲೈಟಿನ ಕಡೆ ಮುಖಮಾಡಿ ಕಂಡಿತು ಅಂದಿದ್ದ. ಆ ಲೆಕ್ಕದಲ್ಲಿ ಕ್ರೇನು ವಾಸಿ.

ಹಾಗಾದರೆ ದಕ್ಷಿಣಕ್ಕೆ ತಿರುಗಿಸೋಣ, ಅಲ್ಲಿ ಯಾವ ನಕ್ಷತ್ರ ಅಂತ ಕೇಳಿದ. ಅಲ್ಲಿ ಕಣ್ಣಿಗೆ ಕಾಣುವಂಥದ್ದು ಏನೂ ಇಲ್ಲ ಎಂದರು. ಇದ್ದರೂ ಇಲ್ಲಿಂದ ನೆಲಕ್ಕೆ ಅಂಟಿಕೊಂಡಿರುತ್ತದೆ.

"ಮತ್ತೆ ಯಾವುದನ್ನ ನಂಬೋದು ಸಾರ್?"

"ಯಾವುದನ್ನೂ ನಂಬುದು ಬೇಡ. ಒಂದು ನಕ್ಷತ್ರ ಹಿಡಿದು ನೋಡ್ತಾ ಕೂರು. ಎತ್ತ ಜಾರ್ತದೆ ನೋಡು, ಒಂಚೂರು ತಿದ್ದು, ಪುನಃ ನೋಡು. ನಡುವೆ ಮುಟ್ಟುವ ಹಾಗಿಲ್ಲ."

ಇನ್ನೊಂದು ತೊಡಕಿತ್ತು. ಸ್ಟ್ಯಾಂಡಿನ ಅಚ್ಚು ಹನ್ನೆರಡು ಡಿಗ್ರಿಗಿಂತ ಕೆಳಗೆ ಬಾಗುತ್ತಿರಲಿಲ್ಲ. ನೈರೋಬಿಗೆ ಬೇಕಾದದ್ದು ಒಂದೂಕಾಲು. ಮಾಡಿದವರು ಈ ಊರಿನವರನ್ನು ಗಿರಾಕಿ ಅಂತ ಎಣಿಸಿರಲಿಲ್ಲ. ಶನಿವಾರ ಬೆಳಿಗ್ಗೆ ಸದಾಶಿವ ನ್ಗೊಂಗ್ ರಸ್ತೆಯ ಬಡಗಿಯೊಬ್ಬನಿಂದ ಗೇಣುದ್ದದ ಎರಡು ಮರದ ತುಂಡು ಕತ್ತರಿಸಿ ತಂದು, ಉತ್ತರದ ಎರಡು ಕಾಲಿಗೆ ಕೊಟ್ಟು, ಇಡೀ ಸ್ಟ್ಯಾಂಡನ್ನೇ ದಕ್ಷಿಣಕ್ಕೆ ಬಾಗಿಸಿದ. ಮುಗ್ಗರಿಸದ ಹಾಗೆ ಹಿಂದಿನ ಕಾಲುಗಳಿಗೆ ಉಗಾಲಿ ಮುದ್ದೆಯ ಜೋಳದ ಹಿಟ್ಟಿನ ಪ್ಯಾಕೆಟ್ ಕಟ್ಟಿದ. ಮೇಷ್ಟ್ರು ಹೇಳಿದ ಹಾಗೆ ತಿರುಗುವ ದಿಕ್ಕು ಬದಲಾಗಲೆಂದು ಮೋಟರಿನ ಗುಂಡಿಯನ್ನು ಉತ್ತರದಿಂದ ದಕ್ಷಿಣಕ್ಕೆ ಒತ್ತಿದ. ನೋಡಲು ಅದು ವಾಂತಿಗೆ ಬಗ್ಗಿದ ಕೊಕ್ಕರೆಯ ಹಾಗಿತ್ತು.

ಅವತ್ತು ಸಂಜೆ ಏಳಕ್ಕೆ ಮೂವರೂ ತಾರಸಿಯಲ್ಲಿದ್ದರು. ಮೇಷ್ಟ್ರು ಪ್ಲಾಸ್ಟಿಕ್ ಕುರ್ಚಿಯಲ್ಲಿ. ಅಪೂರ್ವಾ ಕತ್ತಲಿಗೆ ಹೊಂದಿದ ಕಣ್ಣು ಕೆಡದಿರಲೆಂದು ಟಾರ್ಚಿಗೆ ಕೆಂಪು ಕಾಗದ ಸುತ್ತಿ ಉತ್ತರಪತ್ರಿಕೆ ತಿದ್ದುತ್ತಿದ್ದಳು. ಕೆಂಪು ಬೆಳಕಿನಲ್ಲಿ ತಾನು ಹಾಕಿದ ಕೆಂಪು ಅಂಕ ತನಗೇ ಕಾಣದೆ, ಆ ಮಕ್ಕಳಿಗೆ ಅವತ್ತು ಏನೇನು ಸಿಕ್ಕಿತೋ. ಸದಾಶಿವ ಒಂದು ನಕ್ಷತ್ರ ಹಿಡಿದು ನೋಡಿದ. ಐದು ನಿಮಿಷ ಮುಟ್ಟದೆ ನೋಡಬೇಕಿತ್ತು. ಮೊದಲ ಸಲ ಎರಡನೇ ನಿಮಿಷಕ್ಕೇ ತಿರುಪಿಗೆ ಕೈ ಹೋಯಿತು. ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. ಎರಡನೇ ಸಲ ಕೈಯನ್ನು ಜೇಬಿಗೆ ಹಾಕಿದ. ಹೀಗೆ ಒಂದೂವರೆ ಗಂಟೆ. ಕೊನೆಗೆ ನಕ್ಷತ್ರ ಕಣ್ಣುಮಸೂರದ ಅಡ್ಡಗೆರೆಯ ಮೇಲೆ ಕೂತು ಹಾಗೇ ಉಳಿಯಿತು.

ನೀಹಾರಿಕೆ ನೆತ್ತಿಯ ಮೇಲಿತ್ತು. ನಲವತ್ತು ಸೆಕೆಂಡಿನ ತೊಂಬತ್ತು ಚಿತ್ರ, ಒಟ್ಟು ಒಂದು ಗಂಟೆ. ಕ್ಯಾಮೆರಾ ತಾನಾಗಿ ಕ್ಲಿಕ್ಕಿಸುತ್ತದೆ, ಮಾಡಲು ಏನೂ ಇಲ್ಲ. ಅವನು ಎದ್ದು ಆಚೀಚೆ ನಡೆದ. ಮೂರನೇ ಚಿತ್ರದಲ್ಲಿ ನಕ್ಷತ್ರಗಳೆಲ್ಲ ಜೋಡಿಯಾಗಿ ಬಂದವು. ಅವನ ಹೆಜ್ಜೆಗೆ ತಾರಸಿ ಅದುರುತ್ತಿತ್ತು.

ಕೂರಲೇಬೇಕಾಯಿತು. ಕೂತ. ಹತ್ತನೇ ಚಿತ್ರಕ್ಕೆ ಬೆನ್ನು ತುರಿಸಿತು. ಇಪ್ಪತ್ತಕ್ಕೆ ಈ ಮೋಟರಿನ ಬದಲು ಬೇರೆ ಕಂಪನಿಯದು ಕೊಳ್ಳಬೇಕಿತ್ತು ಅನ್ನಿಸಿತು. ಮೂವತ್ತಕ್ಕೆ ನ್ಗೊಂಗ್ ಬೆಟ್ಟದ ಕಡೆಯಿಂದ ಮೋಡದ ಒಂದು ಪಟ್ಟಿ ಬಂದು ಎಲ್ಲ ಮುಚ್ಚಿತು. ಸರಿ, ಇದು ಆಗುವ ಮಾತಲ್ಲ, ಬಿಚ್ಚಿಬಿಡೋಣ ಅಂತ ನಾಲಿಗೆಯ ತುದಿಗೆ ಬಂತು. ಹಿಂದಿನ ನಾಲ್ಕೂ ಊರುಗಳನ್ನು ಅವನು ಬಿಟ್ಟದ್ದು ಇಂಥದೇ ಒಂದು ಮೋಡಕ್ಕೆ. ಅಪೂರ್ವಾಳ ಕಡೆ ನೋಡಿದ. ಅವಳು ಪತ್ರಿಕೆ ತಿದ್ದುವುದು ನಿಲ್ಲಿಸಿ ಅವನನ್ನೇ ನೋಡುತ್ತಿದ್ದಳು. ಮೇಷ್ಟ್ರು ಸಣ್ಣಗೆ ಗೊರಕೆ ಹೊಡೆಯುತ್ತಿದ್ದರು. ಅವನು ಅಂಗೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡು ಕೂತ. ಎಂಟು ಚಿತ್ರ ಹಾಳಾದವು. ಮೋಡ ಕಿಕುಯು ಊರಿನ ಕಡೆಗೆ ಹೋಯಿತು. ಕ್ಯಾಮೆರಾ ಕ್ಲಿಕ್ ಅಂದಿತು.

ಭಾನುವಾರ ಆಫೀಸಿನ ಲ್ಯಾಪ್‌ಟಾಪ್ ಉಳಿದ ಚಿತ್ರಗಳನ್ನು ಒಂದರ ಮೇಲೊಂದು ಪೇರಿಸಿ, ಮಧ್ಯಾಹ್ನದ ಹೊತ್ತಿಗೆ ಒಂದೇ ಚಿತ್ರ ಮಾಡಿ ಕೊಟ್ಟಿತು. ಮಸುಕು, ನಗರದ ದೀಪಗಳ ಕಿತ್ತಳೆ ಬಣ್ಣ, ಒಂದು ಮೂಲೆಯಲ್ಲಿ ನಕ್ಷತ್ರಗಳು ಇನ್ನೂ ಅಕ್ಕಿಕಾಳು. ಆದರೆ ನಡುವೆ ರೆಕ್ಕೆ ಇತ್ತು. ಗುಲಾಬಿಯೇ.

ಅಪೂರ್ವಾ ಬಹಳ ಹೊತ್ತು ನೋಡಿದಳು. ಆ ಇಂಟರ್‌ನೆಟ್ಟಿನವರು ಎಷ್ಟು ಗಂಟೆ ತೆಗೆದಿದ್ದರು ಅಂತ ಕೇಳಿದಳು. ಇಪ್ಪತ್ತು ಅಂದ. ಗಣಿತದ ಟೀಚರು ಕಳೆಯುವ ಲೆಕ್ಕವನ್ನು ಬಾಯಿಬಿಟ್ಟು ಹೇಳಲಿಲ್ಲ. ಅವನೇ ಮಾಡಿಕೊಂಡ. ಮಾರ್ಚಿಗೆ ಮಳೆ, ಜೂನಿನಿಂದ ಮೋಡ, ಮಹಾವ್ಯಾಧ ಮತ್ತೆ ಸಂಜೆಯ ಆಕಾಶಕ್ಕೆ ಬರುವುದು ಡಿಸೆಂಬರಿಗೆ. ವರ್ಷಕ್ಕೆ ನಾಲ್ಕೋ ಐದೋ ಒಳ್ಳೆಯ ಗಂಟೆ ಸಿಕ್ಕರೆ ಹೆಚ್ಚು. ಉಳಿದ ಹತ್ತೊಂಬತ್ತಕ್ಕೆ ನಾಲ್ಕು ವರ್ಷವಾದರೂ ಬೇಕು.

"ಇರೋಕೆ ಬರುತ್ತೆ ಅಂತ ಹೇಳಲ್ಲ," ಅಂದ. "ಕಲಿತೀನಿ."

"ನಾಳೆ ಪ್ರಿನ್ಸಿಪಾಲ್ ಹತ್ರ ಎರಡು ವರ್ಷದ ಕಾಂಟ್ರಾಕ್ಟ್‌ಗೆ ಸೈನ್ ಹಾಕ್ತೀನಿ. ಆಮೇಲೆ ಹದಿನೈದನೇ ತಿಂಗಳು ಅಂತೆಲ್ಲ ಬರಬೇಡ."

ಅವನು ಎಚ್‌ಆರ್‌ಗೆ ಮೇಲ್ ಬರೆದ. ಮೂರು ಸಲ ಅಳಿಸಿ, ನಾಲ್ಕನೇ ಸಲ ಲಾಗೋಸ್ ಬೇಡ, ವೈಯಕ್ತಿಕ ಕಾರಣ ಅಂತ ಎರಡೇ ಸಾಲು ಬರೆದು ಕಳಿಸಿದ. ಕಳಿಸಿದ ಕೂಡಲೇ ವಿಮಾನ ತಪ್ಪಿಸಿಕೊಂಡವನ ಹಾಗೆ ಗಡಿಯಾರ ನೋಡಿದ. ಮನೆಯೊಳಗೆ ಕೂರಲಾಗದೆ, ಗೇಟು ಕಾಯುವ ಅಸ್ಕಾರಿಯಿಂದ ಗೋಡೆಗೆ ಬಳಿದು ಉಳಿದ ಹಳದಿ ಬಣ್ಣ ಕೇಳಿ ತಂದು, ತಾರಸಿಯಲ್ಲಿ ಸ್ಟ್ಯಾಂಡಿನ ಮೂರು ಕಾಲು ಊರಿದ ಜಾಗಕ್ಕೆ ಸುತ್ತ ಮೂರು ವೃತ್ತ ಬಳಿದ. ಮುಂದಿನ ಸಲ ಅಲ್ಲಿಯೇ ಇಡಬೇಕು. ಬಣ್ಣ ಒಣಗುವವರೆಗೆ ಯಾರೂ ತುಳಿಯದಂತೆ ಕಾಯುತ್ತ ನಿಂತ. ನಿಂತಿದ್ದಾಗ ಎರಡು ಸಲ ಫೋನು ತೆಗೆದು ಲಾಗೋಸಿನ ಹವಾಮಾನ ನೋಡಿದ. ಅಲ್ಲಿ ಧೂಳು, ಏನೂ ಕಾಣಿಸದು ಅಂತಿತ್ತು. ಫೋನು ಜೇಬಿಗಿಟ್ಟು, ಬಣ್ಣ ಒಣಗಿದೆಯೇ ಅಂತ ಬೆರಳಿನಿಂದ ಮುಟ್ಟಿ ನೋಡಿದ. ಒಣಗಿರಲಿಲ್ಲ.