ಬಿಚ್ಚೋದು ನಂದು, ಒತ್ತೋದು ನಿಮ್ದು

ಯಾರಾದರೂ ಫೋನು ಮುಂದೆ ಹಿಡಿದ ಕೂಡಲೇ ಮುನಿರಾಜಣ್ಣ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಳ್ಳುತ್ತಿದ್ದರು. ಮೊಬೈಲ್ ರಿಪೇರಿ ಅಂಗಡಿಯವರು ಹೀಗೆ ಮಾಡುವುದನ್ನು ನಾನು ಬೇರೆಲ್ಲೂ ಕಂಡಿಲ್ಲ. ಕತ್ತನ್ನಷ್ಟೇ ಚಾಚಿ, ಮೂಗಿನ ತುದಿಗೆ ಜಾರಿದ ಕನ್ನಡಕದ ಮೇಲಿಂದ ಪರದೆ ನೋಡುತ್ತ, "ಬಿಚ್ಚೋ ಕೆಲ್ಸ ಆದ್ರೆ ನಂದು, ಒತ್ತೋ ಕೆಲ್ಸ ನಿಮ್ದು. ನೀವೇ ಒತ್ತಿ, ಎಲ್ಲಿ ಅಂತ ನಾನ್ ಯೋಳ್ತೀನಿ" ಎನ್ನುತ್ತಿದ್ದರು. ಗಾಜು ಒಡೆದಿದ್ದರೆ, ಬ್ಯಾಟರಿ ಉಬ್ಬಿದ್ದರೆ ಫೋನು ಆರಿಸಿ ಬಿಚ್ಚುತ್ತಿದ್ದರು. ಬೆಳಕಿರುವ ಪರದೆಯನ್ನು ಮಾತ್ರ ಮುಟ್ಟುತ್ತಿರಲಿಲ್ಲ. "ಒಳಗಡೆ ಫೋಟೋ ಇರ್ತಾವೆ, ಮೆಸೇಜ್ ಇರ್ತಾವೆ. ನಂಗ್ಯಾಕ್ ಸಾ ಅವೆಲ್ಲ?"

ಕನ್ನಡಕ ಇತ್ತೇ? ಇತ್ತೆಂದೇ ನನ್ನ ನೆನಪು. ಇರಲಿಲ್ಲ ಎನ್ನುತ್ತಾಳೆ ಅಮ್ಮ. ಮುನಿರಾಜಣ್ಣನ ವಿಷಯದಲ್ಲಿ ನನ್ನ ನೆನಪಿಗಿಂತ ಅಮ್ಮನ ನೆನಪು ನಂಬಿಕೆಗೆ ಅರ್ಹ. ಏಕೆಂಬುದು ಮುಂದೆ ಗೊತ್ತಾಗುತ್ತದೆ.

ತಣಿಸಂದ್ರದಲ್ಲಿ ನಮ್ಮ ಅಪಾರ್ಟ್‌ಮೆಂಟಿನ ಗೇಟಿನ ಎದುರಿಗೇ ಅವರ ಅಂಗಡಿ. ಅಪಾರ್ಟ್‌ಮೆಂಟು ನಿಂತಿರುವ ನೆಲವೂ ಒಂದು ಕಾಲಕ್ಕೆ ಅವರ ಮನೆಯವರದೇ. ಈಗ ಬಿ ಬ್ಲಾಕ್ ಇರುವ ಕಡೆ ಕೊತ್ತಂಬರಿ ಸೊಪ್ಪು ಬೆಳೆಯುತ್ತಿದ್ದರಂತೆ. ಮೂರು ಮಹಡಿ ಬಾಡಿಗೆಗೆ ಕೊಟ್ಟು ಕಾಲು ನೀಡಿ ಕೂರಬಹುದಾಗಿದ್ದ ಮನುಷ್ಯ, ಐವತ್ತು ದಾಟಿದ ಮೇಲೆ ಶಿವಾಜಿನಗರದಲ್ಲಿ ಯಾರ ಬಳಿಯೋ ಆರು ತಿಂಗಳು ಕುಳಿತು ರಿಪೇರಿ ಕಲಿತು ಬಂದು ಈ ಅಂಗಡಿ ತೆರೆದಿದ್ದರು. ಏಕೆಂದು ಕೇಳಿದರೆ, "ಮನೇಲಿ ಕುಂತ್ರೆ ಟೀವಿ ನೋಡ್ಬೇಕು ಸಾ. ಅದ್ಕಿಂತ ಇದೇ ವಾಸಿ" ಎನ್ನುವರು.

ಒಮ್ಮೆ ನಮ್ಮ ಕಟ್ಟಡದ ಪಾಟೀಲರು, ಗದಗ ಕಡೆಯವರು, ಫೋನು ಹಿಡಿದು ಬಂದರು. "ಮುನಿರಾಜಣ್ಣಾ, ಮಳಿ ಬರತೈತೋ ಇಲ್ಲೋ ತೋರಿಸೋ ಆ್ಯಪ್ ಹಾಕ್ಕೊಂಡೀನ್ರಿ. ನಮ್ಮ ಅಳಿಯನ ಫೋನಿನ್ಯಾಗ ಮ್ಯಾಲೇ ಮೋಡ ಕಾಣಸ್ತೈತಿ. ನನ್ನದ್ರಾಗ ಕಾಣವಲ್ದು."

ಕೈಗಳು ಬೆನ್ನ ಹಿಂದೆ ಹೋದವು. "ಆಕಿದ್ ಮೇಲೆ ಒಂದ್ ಸಲನಾದ್ರೂ ತೆಗ್ದು ನೋಡಿದ್ರಾ?"

"ಇಲ್ರೀ. ಯಾಕ ತೆಗೀಬೇಕ?"

"ನೆಂಟ್ರು ಮನೆಗ್ ಬಂದವ್ರೆ, ನೀವು ಮಾತೇ ಆಡ್ಸಿಲ್ಲ. ಊಟಕ್ಕೆ ಯಾಕ್ ಬರ್ಲಿಲ್ಲ ಅಂತ ಕೇಳ್ತಾ ಇದ್ದೀರಲ್ಲ!"

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಪಾಟೀಲರು ಆ್ಯಪ್ ತೆರೆದು, ಮುಚ್ಚಿ, ಹೇಳಿದಂತೆ ಪರದೆಯ ಖಾಲಿ ಜಾಗವನ್ನು ಒತ್ತಿ ಹಿಡಿದರು. ವಿಜೆಟ್‌ಗಳ, ಅಂದರೆ ಪರದೆಯ ಮೇಲೆ ಇಟ್ಟುಕೊಳ್ಳುವ ಚೌಕಗಳ, ಪಟ್ಟಿ ಬಂತು. ಅದರಲ್ಲಿದ್ದ ಮೋಡವನ್ನು ಬೆರಳಿನಿಂದ ಎಳೆದು ತಂದು ಕೂರಿಸಿದರು. "ಆ್ಯಪ್ ಆದ್ರೆ ತಾನೇ ಬಂದು ಕುಂತ್ಕತೈತೆ. ವಿಜೆಟ್ ಅಂಗಲ್ಲ, ನೀವೇ ಕರ್ಕಬರ್ಬೇಕು" ಎಂದರು ಮುನಿರಾಜಣ್ಣ. ಪಾಟೀಲರು ಪರದೆಯ ಮೋಡ ನೋಡಿದರು, ಹೊರಗೆ ಬಗ್ಗಿ ಆಕಾಶ ನೋಡಿದರು. "ಬಿಸಲೈತಲ್ರೀ!"

"ಅದು ನನ್ ಡಿಪಾರ್ಟ್‌ಮೆಂಟ್ ಅಲ್ಲ."

ನಾನು ವಿಶ್ವವಿದ್ಯಾಲಯದಲ್ಲಿ ಹತ್ತು ವರ್ಷ ಕಳೆದವನು. ಪುರಾವೆಯಿಲ್ಲದೆ ಯಾರನ್ನೂ ನಂಬಬಾರದೆಂದು ಅಲ್ಲಿ ಕಲಿತೆ. ಆ 'ಯಾರನ್ನೂ' ಎಂಬುದರಲ್ಲಿ ನಾನೂ ಸೇರುತ್ತೇನೆಂಬುದು ಬಹುಕಾಲ ಹೊಳೆಯಲಿಲ್ಲ.

ಅಮ್ಮನಿಗೆ ಸಕ್ಕರೆ ಕಾಯಿಲೆ. ಬೆಳಗಿನ ಮಾತ್ರೆ ನುಂಗಿದೆನೋ ಇಲ್ಲವೋ ಎಂಬುದು ಹತ್ತು ಗಂಟೆಯ ಹೊತ್ತಿಗೆ ಅವಳಿಗೆ ಮರೆತುಹೋಗುತ್ತಿತ್ತು. ಅದಕ್ಕೆಂದು ಅವಳ ಫೋನಿಗೆ ಒಂದು ಆ್ಯಪ್ ಹಾಕಿದೆ. ಅದರ ವಿಜೆಟ್ಟನ್ನು ಪರದೆಯ ಮೇಲೆ ಇಟ್ಟುಕೊಂಡರೆ ದೊಡ್ಡ ಚೌಕವೊಂದು ಕಾಣುತ್ತದೆ. ಮಾತ್ರೆ ತೆಗೆದುಕೊಂಡು ಅದನ್ನು ಮುಟ್ಟಿದರೆ ಹಸಿರಾಗುತ್ತದೆ. ಆದರೆ ಪಟ್ಟಿಯಲ್ಲಿ ಆ ವಿಜೆಟ್ಟೇ ಇರಲಿಲ್ಲ. ಆ್ಯಪ್ ತೆರೆದು ಮುಚ್ಚಿದೆ, ಫೋನು ಆರಿಸಿ ಹಚ್ಚಿದೆ, ಬರಲಿಲ್ಲ. ಹಿಂದಿನ ವಾರವಷ್ಟೇ ಮುನಿರಾಜಣ್ಣ ಆ ಫೋನಿನ ಗಾಜು ಬದಲಿಸಿದ್ದರು. ಇನ್ನೇನು ಪುರಾವೆ ಬೇಕು?

ಮರುದಿನ ಅಮ್ಮ ಮಾತ್ರೆಯನ್ನು ಎರಡು ಸಲ ನುಂಗಿ, ಸಕ್ಕರೆ ಮಟ್ಟ ಇಳಿದು, ಬೆವತು, ಅಡುಗೆಮನೆಯ ನೆಲದ ಮೇಲೆ ಕುಸಿದಳು. ಸಕ್ಕರೆ ತಿನ್ನಿಸಿದ ಮೇಲೆ ಚೇತರಿಸಿಕೊಂಡಳು. ನಾನು ಅವಳ ಪಕ್ಕ ಕೂರುವುದನ್ನು ಬಿಟ್ಟು, ಫೋನು ಹಿಡಿದು ಅಂಗಡಿಗೆ ಹೋದೆ. ನಾಲ್ಕೈದು ಜನ ಗಿರಾಕಿಗಳಿದ್ದರು.

"ಗಾಜು ಹಾಕೋವಾಗ ಒಳಗೆ ಏನ್ ಮುಟ್ಟಿದ್ರಿ?"

"ನಾನ್ ಮುಟ್ಟಕ್ಕಿಲ್ಲ ಸಾ."

"ಮುಟ್ದೆ ಹೇಗ್ ಹಾಳಾಗುತ್ತೆ? ಜಮೀನು ಮಾರಿ ಅಂಗಡಿ ಇಟ್ಬಿಟ್ರೆ ಟೆಕ್ನಿಷಿಯನ್ ಆಗ್ಬಿಡ್ತೀರಾ? ನಮ್ಮಮ್ಮ ಇವತ್ತು ಸತ್ತೇಹೋಗ್ತಿದ್ರು ಕಣ್ರೀ!"

ಇಷ್ಟೇ ಹೇಳಿದೆನೋ, ಇದಕ್ಕಿಂತ ಕೆಟ್ಟದ್ದನ್ನು ಹೇಳಿದೆನೋ, ನೆನಪು ನನ್ನ ಪರವಾಗಿ ತಿದ್ದಿರಬಹುದು. ಬೆನ್ನ ಹಿಂದಿದ್ದ ಅವರ ಕೈಗಳು ಬಿಚ್ಚಿಕೊಂಡು ಪಕ್ಕಕ್ಕೆ ಜೋತುಬಿದ್ದದ್ದು ಮಾತ್ರ ಕಣ್ಣಿಗೆ ಕಟ್ಟಿದಂತಿದೆ. "ಅಮ್ಮ ಈಗ ಎಂಗವ್ರೆ ಸಾ?" ಎಂದು ಕೇಳಿದರು. ನಾನು ಹೊರಬಂದು, ಗೇಟು ದಾಟುವ ಮೊದಲೇ ಅಂತರ್ಜಾಲದಲ್ಲಿ ಅವರ ಅಂಗಡಿಗೆ ಒಂದೇ ಒಂದು ನಕ್ಷತ್ರ ಕೊಟ್ಟು, 'ಕೆಲಸ ಬಾರದವರು, ಫೋನು ಹಾಳುಮಾಡುತ್ತಾರೆ, ಯಾರೂ ಹೋಗಬೇಡಿ' ಎಂದು ಬರೆದೆ.

ಎರಡು ದಿನ ಬಿಟ್ಟು ನೋಡಿದರೆ ಅಮ್ಮನ ಪರದೆಯ ಮೇಲೆ ಹಸಿರು ಚೌಕ! ಯಾವುದೋ ಅಪ್‌ಡೇಟ್ ಬಂದಿರಬೇಕೆಂದುಕೊಂಡೆ. ಊಟದ ಹೊತ್ತಿನಲ್ಲಿ ಹೆಂಡತಿಗೆ ಅದರ ಕಾರಣವನ್ನೂ ವಿವರಿಸಿದೆ. ಅಮ್ಮ ತಲೆಯೆತ್ತದೆ ಅನ್ನ ಕಲಸುತ್ತಿದ್ದಳು.

ಆರೇಳು ತಿಂಗಳ ಮೇಲೆ ಅವಳಿಗೆ ಹೊಸ ಫೋನು ತಂದೆ. ಹಳೆಯದರಿಂದ ಮೆಮೊರಿ ಕಾರ್ಡ್ ತೆಗೆದದ್ದೇ ತಡ, ಪರದೆಯ ಮೇಲಿದ್ದ ಆ್ಯಪ್‌ಗಳೆಲ್ಲ ಒಂದೊಂದಾಗಿ ಮಂಕಾದವು. ಮಾತ್ರೆಯ ಚೌಕವೊಂದು ಮಾತ್ರ ಹಸಿರಾಗಿಯೇ ಉಳಿಯಿತು. ಆಗ ನೆನಪಾಯಿತು: ಫೋನಿನಲ್ಲಿ ಜಾಗವಿಲ್ಲವೆಂದು ಎಲ್ಲ ಆ್ಯಪ್‌ಗಳನ್ನೂ ಕಾರ್ಡಿಗೆ ಸಾಗಿಸಿದ್ದವನು ನಾನೇ. ಮಾತ್ರೆಯದನ್ನೂ, ಹಾಕಿದ ದಿನವೇ. ಕಾರ್ಡಿನಲ್ಲಿ ಕುಳಿತ ಆ್ಯಪ್‌ನ ವಿಜೆಟ್ ಪಟ್ಟಿಗೆ ಬರುವುದಿಲ್ಲ. ಅದನ್ನು ಮತ್ತೆ ಫೋನಿನೊಳಕ್ಕೆ ತರಬೇಕು. ಯಾರೋ ತಂದಿದ್ದರು.

"ಅಮ್ಮ, ಇದನ್ನ ಯಾರು ಸರಿ ಮಾಡಿದ್ದು?"

"ನಾನೇ ಮಾಡ್ದೆ. ನೀನು ಕೆಲಸಕ್ಕೆ ಹೋದಾಗ ಅಂಗಡಿಗೆ ತಗೊಂಡೋಗಿದ್ದೆ. ಮುನಿರಾಜಣ್ಣ ಹೇಳ್ತಾ ಹೋದ್ರು, ನಾನು ಒತ್ತಿದೆ."

"ಯಾಕೆ ಹೇಳ್ಲಿಲ್ಲ ನಂಗೆ?"

"ಅವರೇ ಬೇಡ ಅಂದ್ರು ಕಣೋ. 'ಮಗಂಗೆ ಯೋಳ್ಬೇಡಿ ಅಮ್ಮ, ಓದ್ದೋರು, ಮನ್ಸಿಗೆ ಅಚ್ಕಂತಾರೆ' ಅಂದ್ರು."

ಅವತ್ತೇ ಸಂಜೆ ಕ್ಷಮೆ ಕೇಳಲು ಹೊರಟೆ. ಅಂಗಡಿಯ ಮುಂದೆ ಎರಡು ಸಲ ಹಾದುಹೋಗಿ, ಮೂರನೆಯ ಸಲ ಒಳಗೆ ಹೋಗಿ, ಬೇಕಿಲ್ಲದ ಒಂದು ಚಾರ್ಜರ್ ಕೊಂಡೆ. "ಅಮ್ಮ ಮಾತ್ರೆ ಸರ್ಯಾಗ್ ತಗಂತವ್ರಾ?" ಎಂದರು. "ಹ್ಞೂಂ" ಎಂದೆ. ನಮ್ಮ ಕೊನೆಯ ಮಾತು ಅದೇ. ಹೆಂಡತಿಗೆ ಮಾತ್ರ, ತಪ್ಪಾಯಿತೆಂದು ಹೇಳಿ ಬಂದೆ ಎಂದೆ. ಹಲವು ಸಲ ಹೇಳಿದ್ದರಿಂದ ಈಗೀಗ ಹಾಗೆ ಹೇಳಿದಂತೆ ನೆನಪೂ ಇದೆ, ನನ್ನ ಕೈ ಹಿಡಿದು ಅವರು ನಕ್ಕದ್ದೂ ಸೇರಿ. ನಂಬಬೇಡಿ.

ಈ ಮಳೆಗಾಲಕ್ಕೆ ಮುಂಚೆ ಮುನಿರಾಜಣ್ಣ ತೀರಿಕೊಂಡರು. ಎದೆನೋವು ಎಂದರು. ಹನ್ನೊಂದನೆಯ ದಿನ ಅಮ್ಮ ಹೋಗಿಬಂದಳು, ನಾನು ಹೋಗಲಿಲ್ಲ. ಅಂಗಡಿಯ ಷಟರ್ ಇಳಿದೇ ಇದೆ.

ಕ್ಷಮೆ ಕೇಳದಿದ್ದರೂ ಆ ಒಂದು ನಕ್ಷತ್ರವನ್ನು ಚಾರ್ಜರ್ ಕೊಂಡ ದಿನವೇ ಅಳಿಸಿಹಾಕಿದ್ದೆನೆಂಬ ಸಮಾಧಾನ ನನಗಿತ್ತು. ಇದನ್ನು ಬರೆಯಲು ಕುಳಿತಾಗ ಖಚಿತಪಡಿಸಿಕೊಳ್ಳೋಣವೆಂದು ತೆರೆದು ನೋಡಿದೆ. ಅಳಿಸಿರಲಿಲ್ಲ. ಅದರ ಕೆಳಗೆ ಅವರ ಉತ್ತರವೂ ಇತ್ತು, ನಾನು ಬರೆದ ಮರುದಿನದ್ದು. ನಾನು ನೋಡಿಯೇ ಇರಲಿಲ್ಲ.

'ಸಾರ್ ಅಮ್ಮನ್ನ ಒಂದ್ ಸಲ ಫೋನ್ ಜೊತೆ ಕಳಿಸಿ. ನಾನು ಮುಟ್ಟಲ್ಲ. ಅವರ ಕೈಯಲ್ಲೇ ಮಾಡಿಸ್ತೀನಿ.'

ನನ್ನದನ್ನು ಅಳಿಸಿದರೆ ಕೆಳಗಿರುವ ಅವರ ಮಾತೂ ಹೋಗುತ್ತದೆ. ಆದ್ದರಿಂದ ಹಾಗೆಯೇ ಬಿಟ್ಟಿದ್ದೇನೆ. ಯಾರು ಬೇಕಾದರೂ ನೋಡಬಹುದು. ಮೇಲೆ ನನ್ನ ಹೆಸರಿದೆ.