ಅರ್ಧ ಹಾಳೆಯ ಆಡು

ಬಬಲೇಶ್ವರದ ನನ್ನ ತವರುಮನೆಯಲ್ಲಿ ಒಂದು ರೂಢಿಯಿದೆ. ಸಂತೆಯಿಂದ ಏನೇ ಬರಲಿ, ಕಟ್ಟಿ ತಂದ ಪೇಪರನ್ನು ಓದದೆ ಎಸೆಯುವಂತಿಲ್ಲ. ನಾನು ಓದು ಕಲಿತದ್ದೇ ಬೆಲ್ಲ, ಚುರುಮುರಿ, ಭಜಿ ಸುತ್ತಿದ ಹಾಳೆಗಳ ಮೇಲೆ. ಕ್ರಿಕೆಟ್ಟಿನಿಂದ ಶ್ರದ್ಧಾಂಜಲಿಯವರೆಗೆ ಲೋಕದ ಸುದ್ದಿಯೆಲ್ಲ ನನಗೆ ಶೇಂಗಾ ಎಣ್ಣೆಯ ವಾಸನೆಯಲ್ಲೇ ಬಂದದ್ದು.

ನನ್ನ ಮಗಳದು ಬೇರೆ ಕತೆ. ಕಳೆದ ವರ್ಷ ವಿಜಯಪುರದಲ್ಲಿ ಮೂರನೆಯ ತರಗತಿಯಲ್ಲಿದ್ದಳು. ಒಂದು ದಿನ ಶಾಲೆಯಲ್ಲಿ ಗಟ್ಟಿಯಾಗಿ ಓದುವಾಗ ತಡವರಿಸಿದಳು, ಮಕ್ಕಳು ನಕ್ಕರು. ಅಂದಿನಿಂದ ಬಾಯಿಗೆ ಬೀಗ. ಮಾತಿನಲ್ಲಿ ಯಾರಿಗೂ ಸೋಲುವವಳಲ್ಲ, ಪುಸ್ತಕ ಹಿಡಿದರೆ ಮಾತ್ರ ಹೊಟ್ಟೆನೋವು. ಬಣ್ಣದ ಪುಸ್ತಕ ತಂದು ನಾನೇ ಓದಿ ಹೇಳಿದೆ. "ನೀನ ಓದವ್ವಾ, ಚೊಲೋ ಓದ್ತಿ" ಎಂದು ನನಗೇ ಶಾಭಾಸ್‌ಗಿರಿ ಕೊಟ್ಟಳು. ಹೀಗೇ ಬಿಟ್ಟರೆ ಹುಡುಗಿ ಓದಿನಿಂದಲೇ ದೂರವಾದಾಳೆಂದು ಆಫೀಸಿನಲ್ಲಿ ಕೂತಾಗಲೂ ಚಿಂತೆ.

ಹೀಗಿರುವಾಗ ಒಂದು ಸಂತೆಯ ದಿನ ಶಾಲೆಗೂ ನನಗೂ ರಜೆ ಸಿಕ್ಕಿತು, ಬಬಲೇಶ್ವರಕ್ಕೆ ಹೋದೆವು. ಸಂತೆಯಲ್ಲಿ ಮಿರ್ಚಿ ಭಜಿ ತಿಂದು ಮುಗಿಸಿದ ಮೇಲೆ ನಮ್ಮಪ್ಪ ರೂಢಿಯಂತೆ ಹಾಳೆ ಬಿಡಿಸಿ ಓದಿದರು. ಯಾವುದೋ ಊರಲ್ಲಿ ಒಂದು ಆಡು ಬಸ್ಸು ಹತ್ತಿ ಕಿಟಕಿಯ ಸೀಟು ಹಿಡಿದಿತ್ತಂತೆ. ಇಳಿಸಲು ಬಂದವರಿಗೆಲ್ಲ ಕೊಂಬು ತೋರಿಸಿತಂತೆ. ಕೊನೆಗೆ ಕಂಡಕ್ಟರೇ ಅದರ ಹತ್ತಿರ ಹೋದರಂತೆ. ಅಲ್ಲಿಗೆ ಹಾಳೆ ಹರಿದಿತ್ತು.

"ಮುಂದ?" ಎಂದಳು ಮಗಳು.

"ಮುಂದಿಂದು ಇಲ್ಲವ್ವಾ, ಹರದಾರ."

"ಹಂಗಂದ್ರ ಹೆಂಗ ಅಜ್ಜಾ? ಆಡು ಟಿಕೆಟ್ ತಗೊಂತೋ ಇಲ್ಲೋ?"

ಭಜಿ ಕರಿಯುತ್ತಿದ್ದ ಅಂಗಡಿಯ ಅಕ್ಕ ಝಾರಿ ಸೌಟಿನಿಂದ ಆಚೆ ಬೆಂಚಿನ ಕಡೆ ತೋರಿಸಿದರು. "ಉಳದ ಅರ್ಧಾ ಆ ಕಾಕಾರ ಕೈಯಾಗ ಹೋಗೇತಿ ನೋಡು."

ಅಲ್ಲಿ ಅಪ್ಪನ ಪರಿಚಯದ ನಿಡೋಣಿಯ ರೈತರೊಬ್ಬರು ತಿನ್ನುತ್ತ ಕೂತಿದ್ದರು. ಮಗಳು ಓಡಿದಳು.

"ಕಾಕಾ, ನಿಮ್ಮ ಪೇಪರ್ ಕೊಡ್ರಿ."

"ಕೊಟ್ರ ಭಜಿ ಎಲ್ಲಿ ಇಡ್ಲೆವ್ವಾ? ಇಲ್ಲೇ ಓದ್ಕೋ. ನಾ ಕಣ್ಣಿನ ಚಾಳೀಸ ಮನ್ಯಾಗ ಬಿಟ್ಟು ಬಂದೀನಿ, ಗಟ್ಟಿಯಾಗಿ ಓದು, ನಾನೂ ಕೇಳ್ತೀನಿ."

ಸುತ್ತ ಸಂತೆಯ ಜನ. ಮಗಳು ಒಮ್ಮೆ ನನ್ನ ಕಡೆ ನೋಡಿದಳು, ಒಮ್ಮೆ ಹಾಳೆಯ ಕಡೆ. ಆಡಿನ ಗತಿ ತಿಳಿಯುವ ಆಸೆ ಅಂಜಿಕೆಗಿಂತ ದೊಡ್ಡದಾಯಿತು. ಅಕ್ಷರಕ್ಕೆ ಅಕ್ಷರ ಕೂಡಿಸುತ್ತ ಶುರು ಮಾಡಿದಳು. "ಪ್ರಯಾಣಿಕರು" ಎಂಬಲ್ಲಿ ತಡವರಿಸಿದಳು, ಯಾರೂ ನಗಲಿಲ್ಲ. ಎಣ್ಣೆ ಹತ್ತಿದಲ್ಲಿ ನಿಂತಳು, ಎಲ್ಲರೂ ಕಾದರು. ಸಾಲಿಗೆ ಭಜಿ ಅಡ್ಡ ಬಂದಾಗ ಆ ಕಾಕಾ ಅದನ್ನೆತ್ತಿ ಬಾಯಿಗೆ ಹಾಕಿಕೊಂಡು "ಹೂಂ, ಮುಂದ?" ಎನ್ನುತ್ತಿದ್ದರು. ಭಜಿ ಕೊಳ್ಳಲು ಬಂದವರೂ ಇತ್ತ ಕಿವಿಗೊಟ್ಟು ನಿಂತರು.

ಕಂಡಕ್ಟರ್ ಸೋತು, ತಮಾಷೆಗೆ ಟಿಕೆಟ್ ಹರಿದು ಕೊಟ್ಟರಂತೆ. ಆಡು ಅದನ್ನು ತಿಂದು, ಬಂದ ದಾರಿಯಲ್ಲೇ ಇಳಿದು ಹೋಯಿತಂತೆ.

ಜನ ಗೊಳ್ಳೆಂದು ನಕ್ಕರು. ಮಗಳು ಮತ್ತೆ ಮುದುಡಿಕೊಂಡಾಳೆಂದು ನಾನು ಎದ್ದೇಬಿಟ್ಟೆ. ನೋಡಿದರೆ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವಳು ಅವಳೇ.

ಸಂಜೆ ವಿಜಯಪುರದ ಬಸ್ಸಿನಲ್ಲಿ ಕೇಳಿದಳು, "ಅವ್ವಾ, ನಾ ನಿಂತು ನಿಂತು ಓದಿದ್ರೂ ಅವರು ಯಾಕ ನಗಲಿಲ್ಲ?"

"ಮುಂದೇನಾತು ಅಂತ ಅವರಿಗೂ ಬೇಕಾಗಿತ್ತಲ್ಲ."

ಅವಳು ಅದನ್ನು ಮನಸ್ಸಿನಲ್ಲೇ ತೂಗಿ ನೋಡಿದಳು. ಆಮೇಲೆ ಹೇಳಿದ್ದನ್ನು ಕೇಳಿ ನನಗೆ ನಗುವೂ ಬಂತು, ಕಣ್ಣೂ ತುಂಬಿತು.

"ನಾಳಿ ಸಾಲ್ಯಾಗ ಟೀಚರ್ ಯಾರು ಓದ್ತೀರಿ ಅಂದ್ರ ನಾ ಕೈ ಎತ್ತತೀನಿ. ಕತಿ ಮಾತ್ರ ಚೊಲೋ ಇರಬೇಕು."